ರಾತ್ರಿ ಎರಡಕ್ಕೆ ಎದ್ದವರು ಯಾರು?

ಈ ವಾರ ಬಂದ ಪತ್ರಗಳಲ್ಲಿ ಒಂದನ್ನು ಓದಿ ಕಾಫಿ ಆರಿಹೋಯಿತು. ಬರೆದವರಿಗೆ 33 ವರ್ಷ. ಊರು ದಾವಣಗೆರೆ, ಈಗ ಬೆಂಗಳೂರಿನಲ್ಲಿ ಬ್ಯಾಂಕ್ ಕೆಲಸ. ಮದುವೆಯಾಗಿ ಆರು ವರ್ಷ, ಮಗು ಬೇಕೋ ಬೇಡವೋ ಇನ್ನೂ ತೀರ್ಮಾನವಾಗಿಲ್ಲ. ಅತ್ತೆ ಫೋನ್ ಮಾಡಿದಾಗಲೆಲ್ಲ ಅದೇ ರಾಗ. ಗೆಳತಿಯೊಬ್ಬಳು "ಮಕ್ಕಳಿಲ್ಲದವರೇ ಹೆಚ್ಚು ಖುಷಿಯಾಗಿರ್ತಾರಂತೆ, ಸಂಶೋಧನೆ ಆಗಿದೆ" ಅಂತ ಏನೋ ಕಳಿಸಿದ್ದಾಳೆ. ಗಂಡ ಒಳ್ಳೆಯವರು, "ನಿನ್ನಿಷ್ಟ, ನನಗೆ ಎರಡೂ ಓಕೆ" ಅನ್ನುತ್ತಾರೆ. "ಮಗು ಆದರೆ ನಾನು ಖುಷಿಯಾಗಿರ್ತೀನಾ ಮೇಡಂ?" ಇದು ಅವರ ಪ್ರಶ್ನೆ.

ಪತ್ರದ ಮೂರೂವರೆ ಪುಟ ಅತ್ತೆಯ ಮೇಲೆ ದೂರು. ಅದರ ನಡುವೆ, ಗಂಡ ಒಳ್ಳೆಯ ಅಪ್ಪ ಆಗುತ್ತಾರೆ ಅನ್ನುವುದಕ್ಕೆ ಸಾಕ್ಷಿಯಾಗಿ ಒಂದು ಘಟನೆ. ಹೋದ ದಸರಾ ರಜೆಯಲ್ಲಿ ನಾದಿನಿ ತನ್ನ ಎರಡು ವರ್ಷದ ಮಗುವಿನ ಜೊತೆ ಬಂದಿದ್ದಳಂತೆ. ಇವರ ಗಂಡ ಹತ್ತು ದಿನ ಆ ಮಗುವನ್ನು ಹೆಗಲಿಂದ ಇಳಿಸಲಿಲ್ಲವಂತೆ. ಆಮೇಲೆ ಈ ಅರ್ಧ ಸಾಲು: "ನಾದಿನಿ ಮದುವೆಮನೆಗೆ ಹೋಗಿದ್ದ ದಿನ ರಾತ್ರಿ ಎರಡಕ್ಕೆ ಮಗುಗೆ ಜ್ವರ ಬಂದಾಗ ಮಾತ್ರ ನಾನೇ ಎದ್ದೆ, ಅವರಿಗೆ ಬೆಳಿಗ್ಗೆ ಮೀಟಿಂಗ್ ಇತ್ತು."

ತಂಗಿ, ನಿಮಗೆ ಬೆಳಿಗ್ಗೆ ಬ್ಯಾಂಕ್ ಇರಲಿಲ್ವಾ?

ಮೊದಲು ಗೆಳತಿಯ ಸಂಶೋಧನೆ ಮುಗಿಸಿಬಿಡೋಣ. ಅದು ಪೂರ್ತಿ ಸುಳ್ಳಲ್ಲ. 2004ರಲ್ಲಿ ಮನಶ್ಶಾಸ್ತ್ರಜ್ಞ ಡೇನಿಯಲ್ ಕಾನೆಮನ್ ಮತ್ತು ಜೊತೆಗಾರರು ಅಮೆರಿಕದ ಟೆಕ್ಸಾಸ್‌ನಲ್ಲಿ ಕೆಲಸಕ್ಕೆ ಹೋಗುವ 909 ಹೆಂಗಸರನ್ನು ಹಿಂದಿನ ದಿನ ಏನೇನು ಮಾಡಿದಿರಿ, ಆಗ ಮನಸ್ಸು ಹೇಗಿತ್ತು ಅಂತ ಕೇಳಿದರು. ಮಕ್ಕಳನ್ನು ನೋಡಿಕೊಳ್ಳುವುದು ಅಡುಗೆ, ಟಿವಿಗಿಂತಲೂ ಕೆಳಗೆ, ಮನೆಗೆಲಸದ ಹತ್ತಿರ ಹತ್ತಿರ ಬಂತು. ನನಗೇನೂ ಆಶ್ಚರ್ಯವಾಗಲಿಲ್ಲ. ಮೊದಲನೆಯವಳು ಹುಟ್ಟಿದ ವರ್ಷ ನಿದ್ದೆ ಇರಲಿಲ್ಲ ಅನ್ನೋದು ಬಿಟ್ಟರೆ ನನಗೆ ಹೆಚ್ಚೇನೂ ನೆನಪಿಲ್ಲ. ಆದರೆ ಒಂದು ದಿನ ನೀರು ಹೊಯ್ಯುವಾಗ ಅವಳು ಚೊಂಬನ್ನು ಟೋಪಿ ಥರ ತಲೆಗೆ ಬೋರಲು ಹಾಕಿಕೊಂಡು, ಅದರಡಿಯಿಂದ ನನ್ನನ್ನು ನೋಡಿ ನಕ್ಕಳು. ಮೈಯೆಲ್ಲ ಕಡಲೆಹಿಟ್ಟು. ಆ ನಗುವಿಗೆ ಎಷ್ಟು ಮಾರ್ಕ್ಸ್ ಕೊಡೋದು, ಯಾವ ಕಾಲಮ್ಮಿನಲ್ಲಿ ತುಂಬೋದು?

ಗೆಳತಿ ಕಳಿಸದೇ ಇದ್ದ ಇನ್ನೊಂದು ಅಧ್ಯಯನವೂ ಇದೆ. 2016ರದ್ದು, 22 ದೇಶಗಳ ಮೇಲೆ ನಡೆದದ್ದು. ಖುಷಿಯಲ್ಲಿ ಮಕ್ಕಳಿರುವವರು ಇಲ್ಲದವರಿಗಿಂತ ಜಾಸ್ತಿ ಹಿಂದೆ ಬಿದ್ದಿದ್ದು ಅಮೆರಿಕದಲ್ಲಿ. ಸಂಬಳ ಸಹಿತ ರಜೆ, ಕೈಗೆಟಕುವ ಶಿಶುಪಾಲನೆ ಇರುವ ಕಡೆ ಆ ಅಂತರ ಕರಗಿತ್ತು. ಕೆಲವು ದೇಶಗಳಲ್ಲಂತೂ ಅಪ್ಪ ಅಮ್ಮಂದಿರೇ ಜಾಸ್ತಿ ಖುಷಿಯಾಗಿದ್ದರು. ಖುಷಿ ಕೆಡಿಸುವುದು ಮಗು ಅಲ್ಲ ತಂಗಿ, ಒಬ್ಬಳೇ ಏಳುವುದು.

ನಮ್ಮಲ್ಲಿ ಎದ್ದವರು ಯಾರು ಅನ್ನೋದಕ್ಕೂ ಲೆಕ್ಕವಿದೆ. 2019ರ ಕೇಂದ್ರ ಸರ್ಕಾರದ ಸಮಯ ಬಳಕೆ ಸಮೀಕ್ಷೆಯಲ್ಲಿ ಸಂಬಳವಿಲ್ಲದ ಮನೆಗೆಲಸ ಮಾಡುವ ಹೆಂಗಸರು ದಿನಕ್ಕೆ 299 ನಿಮಿಷ, ಮಾಡುವ ಗಂಡಸರು 97 ನಿಮಿಷ ಕೊಡುತ್ತಿದ್ದರು. "ಮಾಡುವ" ಗಂಡಸರು. ಮಾಡದೇ ಇರುವವರು ಆ ಸರಾಸರಿಯಲ್ಲಿ ಇಲ್ಲವೇ ಇಲ್ಲ. ಹೆರಿಗೆ ರಜೆ ನಿಮಗೆ 26 ವಾರ. ಖಾಸಗಿ ಕಂಪನಿಯ ಅಪ್ಪನಿಗೆ ಕಾನೂನಿನಲ್ಲಿ ಒಂದು ದಿನವೂ ಇಲ್ಲ, ಕಂಪನಿ ಕೊಟ್ಟರೆ ಉಂಟು. ಹೀಗಿರುವಾಗ "ನಿನ್ನಿಷ್ಟ" ಅನ್ನೋದು ಔದಾರ್ಯ ಅಲ್ಲ. ಹೋಟೆಲಿಗೆ ಹೋದಾಗ "ನೀನೇ ಆರ್ಡರ್ ಮಾಡು" ಅಂದವರು ಆಮೇಲೆ ಬಿಲ್ಲನ್ನೂ ನಿಮ್ಮ ಕಡೆ ತಳ್ಳುತ್ತಾರೆ. ಈ ಅಂಕಣದ ಹಳೇ ಓದುಗರಿಗೆ ನನ್ನ ಈ ಹುಚ್ಚು ಗೊತ್ತು. "ನಿನ್ನಿಷ್ಟ" ಅನ್ನುವ ಗಂಡನಿಗಿಂತ ಜಗಳ ಆಡುವ ಗಂಡ ವಾಸಿ.

ಇನ್ನು ಅತ್ತೆ. ನಿಮಗೆ ಬೇಜಾರಾಗಬಹುದು, ಆದರೂ ಹೇಳ್ತೀನಿ. ಅವರ ಫೋನ್ ಕಾಟವೇ, ಒಪ್ಪಿದೆ. ಆದರೆ ಇಡೀ ಪತ್ರದಲ್ಲಿ ತಾನು ಏನು ಮಾಡ್ತೀನಿ ಅಂತ ಹೇಳಿದವರು ಅವರೊಬ್ಬರೇ: "ಒಂದು ವರ್ಷ ನಾನು ಬಂದು ಇರ್ತೀನಿ." ಮಂಡಿ ನೋವಿರುವ 64ರ ಹೆಂಗಸು ವರ್ಷ ಕೊಡ್ತೀನಿ ಅಂತಾರೆ. 36ರ ಮಗ ಒಂದು ರಾತ್ರಿ ಕೊಡಲಿಲ್ಲ.

ಮಗು ಬೇಡ ಅನಿಸಿದರೆ ಅದೂ ಸರಿಯೇ, ಯಾರಿಗೂ ಸಮಜಾಯಿಷಿ ಕೊಡಬೇಕಾಗಿಲ್ಲ. ಆಫೀಸಿನ ಹಿರಿಯರೊಬ್ಬರು ಸಾಲುಮರದ ತಿಮ್ಮಕ್ಕನ ಉದಾಹರಣೆ ಕೊಟ್ಟರು ಅಂತ ಬರೆದಿದ್ದೀರಿ. ಹುಲಿಕಲ್ಲಿನಿಂದ ಕುದೂರಿನವರೆಗೆ ಆಲದ ಸಾಲು ಬೆಳೆಸಿದ ಆ ಅಜ್ಜಿಗೆ ನಮಸ್ಕಾರ. ಆದರೆ ಮಕ್ಕಳಿಲ್ಲದ ಹೆಂಗಸು ಮರ ನೆಟ್ಟೇ ತೀರಬೇಕು ಅನ್ನೋ ದಂಡ ಯಾಕೆ? ಭಾನುವಾರ ಹನ್ನೊಂದರವರೆಗೆ ಮಲಗಿದರೂ ನಡೆಯುತ್ತದೆ. ಬೇಕು ಅನಿಸಿದರೆ ಮಾತ್ರ ಸುಮ್ನೆ ಮುಂದೂಡಬೇಡಿ. 35 ದಾಟಿದ ಮೇಲೆ ಕಷ್ಟ ಹೆಚ್ಚುತ್ತಾ ಹೋಗುತ್ತದೆ. ಜ್ಯೋತಿಷಿ ಬೇಡ, ಸ್ತ್ರೀರೋಗ ತಜ್ಞರನ್ನು ನೋಡಿ.

ಆದರೆ ಅದಕ್ಕೂ ಮೊದಲು ಒಂದೇ ಕೆಲಸ. ನಾದಿನಿ ಒಪ್ಪಿದರೆ ಅವಳ ಮಗುವನ್ನು ಒಂದು ಶನಿವಾರ ಭಾನುವಾರಕ್ಕೆ ಕರೆಸಿ. ಅವಳು ಬೇಡ, ಅತ್ತೆಯೂ ಬೇಡ. ಶುಕ್ರವಾರ ರಾತ್ರಿ ನೀವು ದಾವಣಗೆರೆ ಬಸ್ಸು ಹತ್ತಿ. ಅಮ್ಮನ ಮನೆಯಲ್ಲಿ ಬೆಣ್ಣೆದೋಸೆ ತಿಂದು ಮಲಗಿ. ಸೋಮವಾರ ಬಂದು ಗಂಡನನ್ನು ಕೇಳಿ, ಬೇಕೋ, ಬೇಡವೋ. ಮತ್ತೆ "ನಿನ್ನಿಷ್ಟ" ಅಂದರೆ ಅದನ್ನು "ಬೇಡ" ಅಂತ ಬರೆದುಕೊಳ್ಳಿ.

ಜ್ವರದ ಸಿರಪ್ ಫ್ರಿಜ್ ಮೇಲಿದೆ, ಡಾಕ್ಟರ್ ನಂಬರ್ ಬಾಗಿಲ ಮೇಲೆ ಅಂಟಿಸಿದೆ ಅಂತ ಹೊರಡುವಾಗ ಒಂದು ಸಲ ಹೇಳಿ. ಎರಡನೇ ಸಲ ಹೇಳಬೇಡಿ.