ಕೀಮೋಗೆ ಮುನ್ನ ಅಂಡಾಣು ಶೇಖರಿಸಲು ಹೋದರೆ ಚಿಕಿತ್ಸೆ ತಡವಾಗುವುದಿಲ್ಲವೇ? ಜೀವ ಮುಖ್ಯವೋ, ಮುಂದಿನ ಮಗುವೋ?

ಇಪ್ಪತ್ತಾರರ ವಯಸ್ಸು, ಸ್ತನ ಕ್ಯಾನ್ಸರ್, ಮದುವೆಯಾಗಿಲ್ಲ, ಶಸ್ತ್ರಚಿಕಿತ್ಸೆ ಮುಗಿದಿದೆ, ಇನ್ನು ಕೀಮೋ. ಊರಿನ ಹೆಸರೊಂದನ್ನು ಬದಲಿಸಿದರೆ ನೀವು ಬರೆದಿರುವುದು 2015ರ ನನ್ನ ಕಥೆ.

ಗಾಯ ಮಾಗಲೆಂದು ಕೀಮೋಗೆ ಮುನ್ನ ನನಗೆ 24 ದಿನಗಳ ಬಿಡುವಿತ್ತು. ‘ಮುಂದೆ ಮಕ್ಕಳಾಗುತ್ತವೆಯೇ?’ ಎಂಬ ಪ್ರಶ್ನೆಯನ್ನು ಸ್ಕ್ಯಾನಿಂಗ್ ರಸೀದಿಯ ಹಿಂಬದಿಯಲ್ಲಿ ಬರೆದು, ನಾಲ್ಕಾಗಿ ಮಡಚಿ ಪರ್ಸಿನಲ್ಲಿ ಇಟ್ಟುಕೊಂಡಿದ್ದೆ. ಆ ದಿನಗಳಲ್ಲಿ ಎರಡು ಸಲ ವೈದ್ಯರ ಮುಂದೆ ಕುಳಿತಾಗಲೂ ಪಕ್ಕದಲ್ಲಿ ಅಪ್ಪ ಇದ್ದರು. ಮುಟ್ಟಿನ ವಿಷಯವನ್ನು ಅಮ್ಮನೊಡನೆಯೂ ಪಿಸುದನಿಯಲ್ಲಿ ಆಡುವ ಮನೆಯಲ್ಲಿ ಬೆಳೆದವಳು, ಮದುವೆಗೆ ಮುಂಚೆ ಮಕ್ಕಳ ಮಾತನ್ನು ಅಪ್ಪನೆದುರು ಹೇಗೆ ಎತ್ತಲಿ? ಮುಖ್ಯವಾಗಿದ್ದರೆ ವೈದ್ಯರೇ ಹೇಳುತ್ತಿದ್ದರು ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ‘ಅಪ್ಪಾ, ನೀವು ಕಾಫಿ ಕುಡಿದು ಬನ್ನಿ’ ಎಂದಿದ್ದರೆ ಐದು ನಿಮಿಷ ಸಾಕಾಗುತ್ತಿತ್ತು. ಕೊನೆಗೆ ನಾನು ಕೇಳಿದ್ದು, ಕೆಂಪು ಔಷಧ ನರದೊಳಗೆ ಇಳಿಯುತ್ತಿರುವಾಗ, ಸೂಜಿಯ ಪಟ್ಟಿ ಸರಿಪಡಿಸುತ್ತಿದ್ದ ನರ್ಸನ್ನು. ‘ಇದನ್ನು ಮೊದಲೇ ಕೇಳಬೇಕಿತ್ತಲ್ಲಮ್ಮಾ’ ಎಂದರು. ಕೀಮೋ ಆರಂಭವಾದ ಮೇಲೆ ಅಂಡಾಣು ತೆಗೆಯಲು ವೈದ್ಯರು ಒಪ್ಪುವುದಿಲ್ಲ. ಆ ಕೆಂಪು ಔಷಧದ ಜೊತೆಗೆ ಕೊಡುವ ಸೈಕ್ಲೋಫಾಸ್ಫಮೈಡ್ ಎಂಬ ಕೀಮೋ ಔಷಧ ಅಂಡಾಶಯದ ಅಂಡಾಣು ದಾಸ್ತಾನನ್ನೇ ಕರಗಿಸುತ್ತದೆ. ಎಂಟು ತಿಂಗಳ ಬಳಿಕ ಮುಟ್ಟು ಮರಳಿದಾಗ ಎಲ್ಲವೂ ಸರಿಹೋಯಿತೆಂದುಕೊಂಡೆವು. ಮುಟ್ಟು ಬಂದ ಮಾತ್ರಕ್ಕೆ ದಾಸ್ತಾನು ಉಳಿದಿರುವುದಿಲ್ಲ ಎಂಬುದು ಮದುವೆಯ ನಂತರ, ಆ ದಾಸ್ತಾನನ್ನು ಅಂದಾಜಿಸುವ ಎಎಂಎಚ್ ರಕ್ತಪರೀಕ್ಷೆಯ ವರದಿಯಲ್ಲಿ 0.1 ಎಂಬ ತೀರಾ ಕಡಿಮೆ ಅಂಕಿ ಕಂಡಾಗಲೇ ತಿಳಿದದ್ದು.

ಹೀಗಾಗಿ ‘ಜೀವವೋ ಮಗುವೋ’ ಎಂಬ ನಿಮ್ಮ ಪ್ರಶ್ನೆಯನ್ನೇ ನಾನು ಒಪ್ಪುವುದಿಲ್ಲ. ನಿಮ್ಮ ಮುಂದಿರುವುದು ತಾರೀಖುಗಳ ಲೆಕ್ಕ. ಮುಟ್ಟಿನ ದಿನಕ್ಕೆ ಕಾಯದೆ ಯಾವ ದಿನವಾದರೂ ಅಂಡಾಣು ಬೆಳೆಸುವ ಚುಚ್ಚುಮದ್ದು ಆರಂಭಿಸಿ, ಈಸ್ಟ್ರೋಜೆನ್ ಏರದಂತೆ ಲೆಟ್ರೊಜೋಲ್ ಮಾತ್ರೆ ಕೊಟ್ಟು, ಸುಮಾರು ಎರಡು ವಾರಗಳಲ್ಲಿ ಅಂಡಾಣು ತೆಗೆದು ಶೈತ್ಯೀಕರಿಸುತ್ತಾರೆ. ಗಾಯ ಮಾಗುವಷ್ಟರಲ್ಲಿ ಅದು ಮುಗಿದಿರುತ್ತದೆ. ಅಷ್ಟೂ ಸಮಯವಿಲ್ಲದವರಿಗೆ ಲ್ಯಾಪರೊಸ್ಕೋಪಿಯಿಂದ ಅಂಡಾಶಯದ ತುಣುಕನ್ನು ತೆಗೆದಿಡುವ ದಾರಿಯಿದೆ. ಕೀಮೋ ಜೊತೆ ಅಂಡಾಶಯಕ್ಕೆ ತಾತ್ಕಾಲಿಕ ವಿಶ್ರಾಂತಿ ಕೊಡುವ ಗೊಸೆರೆಲಿನ್ ಔಷಧವನ್ನು ತಿಂಗಳಿಗೊಮ್ಮೆ ಚುಚ್ಚಿಸಿಕೊಂಡರೆ ಸಾಕೆಂದು ಯಾರಾದರೂ ಹೇಳಿದರೆ ನಂಬಬೇಡಿ; ಶೇಖರಣೆಯ ಜೊತೆಗೆ ಅದೂ ಇರಲಿ, ಅದಕ್ಕೆ ಬದಲಾಗಿ ಬೇಡ. 2021ರ ಸಹಾಯಕ ಸಂತಾನೋತ್ಪತ್ತಿ ತಂತ್ರಜ್ಞಾನ ಕಾಯ್ದೆ 21 ವರ್ಷ ದಾಟಿದ ಅವಿವಾಹಿತೆಯನ್ನು ಹೊರಗಿಟ್ಟಿಲ್ಲ. ಖರ್ಚು ಲಕ್ಷ ದಾಟುತ್ತದೆ, ಮಗು ಆಗಿಯೇ ಆಗುತ್ತದೆಂಬ ಖಾತರಿಯೂ ಇಲ್ಲ. ಆದರೂ ನಾನಾಗಿದ್ದರೆ ಸಾಲ ಮಾಡಿಯಾದರೂ ಮಾಡಿಸುತ್ತಿದ್ದೆ.

ಕ್ಯಾನ್ಸರ್ ವೈದ್ಯರಿಂದಲೇ ಫರ್ಟಿಲಿಟಿ ವೈದ್ಯರಿಗೆ ಫೋನ್ ಮಾಡಿಸಿ, ಕೀಮೋವನ್ನು ಯಾವ ತಾರೀಖಿನವರೆಗೆ ಮುಂದೂಡಬಹುದೆಂದು ಫೈಲಿನಲ್ಲಿ ಬರೆಸಿಕೊಳ್ಳಿ. ಒಳಗೆ ಹೋಗುವಾಗ ಜೊತೆಗೆ ಬಂದವರು ಹೊರಗೇ ಕುಳಿತಿರಲಿ.