ಸಿಗ್ನಲ್ ಫುಲ್ ಇದ್ದರೂ ವೈಫೈ ಯಾಕೆ ತೆವಳುತ್ತದೆ?

ಪ್ರಶ್ನೆ: ಸರ್, ನಮ್ಮದು ಬೆಂಗಳೂರಿನ ಅಪಾರ್ಟ್‌ಮೆಂಟ್. 100 ಎಂಬಿಪಿಎಸ್ ಪ್ಲಾನ್ ಹಾಕಿಸಿದ್ದೇವೆ. ಲ್ಯಾಪ್‌ಟಾಪಿಗೆ ಕೇಬಲ್ ಚುಚ್ಚಿದರೆ ಸ್ಪೀಡ್ ಸರಿಯಾಗೇ ಬರುತ್ತದೆ. ರಾತ್ರಿ ಎಂಟರ ಮೇಲೆ ಮಾತ್ರ, ಮೊಬೈಲಿನಲ್ಲಿ ವೈಫೈ ಸಿಗ್ನಲ್ ಫುಲ್ ತೋರಿಸಿದರೂ ವಿಡಿಯೊ ಸುತ್ತುತ್ತಲೇ ಇರುತ್ತದೆ. ಅಷ್ಟಕ್ಕೂ ಗಾಳಿಯಲ್ಲಿ ಡೇಟಾ ಹೋಗುವುದು ಹೇಗೆ? ರಿಪೀಟರ್ ಹಾಕಿಸಿದರೆ ಸರಿಹೋದೀತೆ?

ಉತ್ತರ: ಕೇಬಲಿನಲ್ಲಿ ಸರಿಯಿದೆ ಎಂದಮೇಲೆ ತೊಂದರೆ ಇರುವುದು ರೂಟರಿಗೂ ಮೊಬೈಲಿಗೂ ನಡುವೆ. ಆ ಸಿಗ್ನಲ್ ಗೆರೆಗಳನ್ನು ನಂಬಬೇಡಿ. ರೂಟರ್ ಸೆಕೆಂಡಿಗೆ ಸುಮಾರು ಹತ್ತು ಸಲ ‘ನಾನಿಲ್ಲಿದ್ದೇನೆ’ ಎಂದು ಸಾರುತ್ತಿರುತ್ತದೆ. ಅದು ಎಷ್ಟು ಜೋರಾಗಿ ಕೇಳಿಸಿತು ಎಂಬುದಷ್ಟೇ ಗೆರೆಗಳ ಲೆಕ್ಕ. ಚಾನೆಲ್, ಅಂದರೆ ವೈಫೈ ಬಳಸುವ ರೇಡಿಯೊ ಪಟ್ಟಿ, ಎಷ್ಟು ಗಿಜಿಗುಡುತ್ತಿದೆ ಎಂಬುದು ಅದರಲ್ಲಿ ಕಾಣುವುದಿಲ್ಲ.

ಡೇಟಾ ಹೋಗುವುದು ರೇಡಿಯೊ ಅಲೆಯ ಮೇಲೆ. 54 ಎಂಬಿಪಿಎಸ್‌ನ ಹಳೇ ವೈಫೈಯನ್ನೇ ತೆಗೆದುಕೊಳ್ಳಿ, ಲೆಕ್ಕ ಸುಲಭ. 20 ಮೆಗಾಹರ್ಟ್ಸ್ ಅಗಲದ ಚಾನೆಲ್‌ನಲ್ಲಿ ಡೇಟಾ ಹೊರುವ 48 ಸಣ್ಣ ಅಲೆಗಳು ಒಟ್ಟಿಗೇ ಹೊರಡುತ್ತವೆ. ಪ್ರತಿ ಅಲೆಯ ಎತ್ತರವನ್ನೂ ಅದು ಶುರುವಾಗುವ ಜಾಗವನ್ನೂ ಬದಲಿಸಿ 6 ಬಿಟ್ (ಒಂದೊಂದೂ 0 ಅಥವಾ 1) ತುಂಬುತ್ತಾರೆ. 48×6, ಅಂದರೆ 288 ಬಿಟ್. ಇದರಲ್ಲಿ ಕಾಲುಭಾಗ ತಪ್ಪು ತಿದ್ದಿಕೊಳ್ಳುವುದಕ್ಕೆ ಮೀಸಲು, ಉಳಿದದ್ದು 216. 4 ಮೈಕ್ರೊಸೆಕೆಂಡಿಗೊಮ್ಮೆ ಇಂಥದೊಂದು ಕಂತು ಹೊರಟರೆ ಸೆಕೆಂಡಿಗೆ 54 ಮೆಗಾಬಿಟ್ ಆಯಿತು. ಹೊಸ ರೂಟರುಗಳು ಚಾನೆಲ್ ಅಗಲಿಸಿ, ಆಂಟೆನಾ ಹೆಚ್ಚಿಸಿ, ಒಂದೊಂದು ಅಲೆಗೂ ಇನ್ನಷ್ಟು ಬಿಟ್ ತುರುಕುತ್ತವೆ. ಬುಡದ ಉಪಾಯ ಇದೇ.

ಅಲೆಗಳು ಹೋಗುವುದು ಬೆಳಕಿನ ವೇಗದಲ್ಲಿ, ಹಾಗಾಗಿ ತಡವಾಗುವುದು ದಾರಿಯಲ್ಲಲ್ಲ, ಸರದಿಯಲ್ಲಿ. ಒಂದು ಚಾನೆಲ್‌ನಲ್ಲಿ ಇಬ್ಬರು ಒಟ್ಟಿಗೆ ಮಾತಾಡಿದರೆ ಸಾಮಾನ್ಯವಾಗಿ ಇಬ್ಬರದೂ ಕೆಡುತ್ತದೆ. ಮಾತಾಡುವವರಿಗೆ ತಮ್ಮ ಸದ್ದೇ ಕಿವಿ ತುಂಬಿರುವುದರಿಂದ ಕೆಟ್ಟದ್ದು ಗೊತ್ತಾಗುವುದೂ ಇಲ್ಲ. ಅದಕ್ಕೇ ಪ್ರತಿ ಸಾಧನವೂ ಮೊದಲು ಕಿವಿಗೊಟ್ಟು, ಚಾನೆಲ್ ಖಾಲಿ ಎನಿಸಿದ ಮೇಲೆ ತಾನೇ ಆರಿಸಿಕೊಂಡ ಒಂದು ಸಂಖ್ಯೆಯಿಂದ ಕೆಳಗೆಣಿಸುತ್ತದೆ. ಮೊದಲಿಗೆ 0ರಿಂದ 15ರೊಳಗಿನ ಸಂಖ್ಯೆ. ಸೊನ್ನೆ ಮುಟ್ಟಿದಾಗ ಕಳಿಸುತ್ತದೆ. ‘ತಲುಪಿತು’ ಎಂಬ ಉತ್ತರ ಬಾರದಿದ್ದರೆ ಮಿತಿ 31ಕ್ಕೆ, ಆಮೇಲೆ 63ಕ್ಕೆ, ಹೀಗೆ 1023ರವರೆಗೂ ಏರುತ್ತದೆ. ರಾತ್ರಿ ಎಂಟಕ್ಕೆ ನಿಮ್ಮ ಮೇಲೆ, ಕೆಳಗೆ, ಪಕ್ಕದ ಮನೆಗಳ ಟಿವಿಗಳೆಲ್ಲ ಇದೇ ಎಣಿಕೆಯಲ್ಲಿರುತ್ತವೆ. ಪಾಸ್‌ವರ್ಡ್ ಬೇರೆಯಾದರೇನು, ಚಾನೆಲ್ ಒಂದೇ.

ಇದರ ಜೊತೆಗೆ ದೂರದ ಕೋಣೆಯ ಹಳೇ ಮೊಬೈಲ್. ಸಿಗ್ನಲ್ ಕ್ಷೀಣಿಸಿದಂತೆ ಅದು ವೇಗ ಇಳಿಸಿಕೊಳ್ಳುತ್ತದೆ. 1500 ಬೈಟಿನ ಒಂದು ಪ್ಯಾಕೆಟ್ (ಒಂದು ಸಲಕ್ಕೆ ಕಳಿಸುವ ಡೇಟಾ ಕಟ್ಟು) 54 ಎಂಬಿಪಿಎಸ್‌ನಲ್ಲಿ ಸುಮಾರು 0.22 ಮಿಲಿಸೆಕೆಂಡ್ ಹಿಡಿದರೆ 1 ಎಂಬಿಪಿಎಸ್‌ನಲ್ಲಿ 12 ಮಿಲಿಸೆಕೆಂಡ್ ಬೇಕು. ನಲ್ಲಿ ಮುಂದೆ ಯಾರೋ ಒಬ್ಬರು ಸಣ್ಣ ಬಾಯಿಯ ಕ್ಯಾನ್ ಹಿಡಿದು ನಿಂತರೆ ಹಿಂದಿನ ಕೊಡಗಳೆಲ್ಲ ಕಾಯಬೇಕಲ್ಲ, ಹಾಗೆ.

ಏನು ಮಾಡಬಹುದು? ಟಿವಿ ಜಾಗ ಬಿಟ್ಟು ಕದಲುವುದಿಲ್ಲ, ಅದಕ್ಕೆ ಕೇಬಲ್ ಎಳೆಸಿಬಿಡಿ. ಇದೊಂದೇ ಸಾಕಷ್ಟು ಭಾರ ಇಳಿಸುತ್ತದೆ. ಮೊಬೈಲನ್ನು ರೂಟರಿನ 2.4 ಗಿಗಾಹರ್ಟ್ಸ್ ಬ್ಯಾಂಡ್ ಬಿಡಿಸಿ 5 ಗಿಗಾಹರ್ಟ್ಸ್‌ಗೆ ಬದಲಿಸಿ. ಅದು ಗೋಡೆ ದಾಟಲು ತಿಣುಕುತ್ತದೆ ನಿಜ, ಆದರೆ ಪಕ್ಕದ ಮನೆಯ ಗಲಾಟೆಯೂ ನಿಮ್ಮ ಗೋಡೆ ದಾಟಿ ಬರುವುದು ಕಡಿಮೆ. 2.4ರಲ್ಲೇ ಇರಬೇಕಾದರೆ 1, 6, 11 ಈ ಮೂರರಲ್ಲಿ ಒಂದು ಚಾನೆಲ್ ಆರಿಸಿ. ಜಾಣತನ ಮಾಡಿ 3 ಹಾಕಿಕೊಂಡರೆ 1ಕ್ಕೂ 6ಕ್ಕೂ ಕಾಟ, ನಿಮಗೂ ಸುಖವಿಲ್ಲ.

ರಿಪೀಟರ್? ಅಂಗಡಿಯವರು ಖಂಡಿತ ಮಾರುತ್ತಾರೆ. ಅಗ್ಗದ ರಿಪೀಟರ್ ಪ್ರತಿ ಪ್ಯಾಕೆಟ್ಟನ್ನೂ ಅದೇ ಚಾನೆಲ್‌ನಲ್ಲಿ ಕೇಳಿಸಿಕೊಂಡು ಮತ್ತೆ ಹೇಳುತ್ತದೆ. ಒಂದು ಸರದಿಯ ಕೆಲಸಕ್ಕೆ ಎರಡು ಸರದಿ. ಸಿಗ್ನಲ್ ಸಿಗದ ಮನೆಗೆ ಅದು ಸರಿ, ಸಿಗ್ನಲ್ ಫುಲ್ ಇರುವ ನಿಮ್ಮ ಮನೆಗೆ ಬೇಡ.