ಎರಡು ದಿನ ಏಕಾದಶಿ ಬಂದರೆ ಉಪವಾಸ ಯಾವತ್ತು?

ಕ್ಯಾಲೆಂಡರ್‌ನಲ್ಲಿ ಒಂದು ದಿನ ‘ಸ್ಮಾರ್ತ ಏಕಾದಶಿ’, ಮರುದಿನ ‘ವೈಷ್ಣವ ಏಕಾದಶಿ’ ಎಂದಿದೆ, ಯಾವುದು ಸರಿ ಎಂದು ಕೇಳಿದ್ದೀರಿ. ಎರಡೂ ಸರಿ. ಅದು ಮುದ್ರಣದೋಷವಲ್ಲ.

ವ್ಯತ್ಯಾಸವೆಲ್ಲ ದಶಮಿ ಎಷ್ಟು ಹೊತ್ತಿಗೆ ಮುಗಿಯಿತು ಎಂಬುದರಲ್ಲಿದೆ. ಸೂರ್ಯೋದಯಕ್ಕೆ ನಾಲ್ಕು ಘಳಿಗೆ, ಅಂದರೆ 96 ನಿಮಿಷ ಮುಂಚೆ ಅರುಣೋದಯ. ಸೂರ್ಯೋದಯ 6:20 ಎಂದುಕೊಳ್ಳಿ, ಅರುಣೋದಯ 4:44. ದಶಮಿ 5:10ಕ್ಕೆ ಮುಗಿದರೆ, ಸೂರ್ಯೋದಯಕ್ಕೆ ಏಕಾದಶಿ ಇದ್ದೇ ಇದೆ, ಹಾಗಾಗಿ ಸ್ಮಾರ್ತರು ಅಂದೇ ಉಪವಾಸ ಮಾಡುತ್ತಾರೆ. ಆದರೆ ಅರುಣೋದಯಕ್ಕೆ ದಶಮಿ ತಗುಲಿದ್ದರಿಂದ ವೈಷ್ಣವರಾದ ಮಾಧ್ವರಿಗೆ ಅದು ದಶಮೀವಿದ್ಧ; ಅವರ ಉಪವಾಸ ಮರುದಿನ, ಆ ದಿನ ದ್ವಾದಶಿಯೇ ಇದ್ದರೂ. ನಿಮ್ಮ ಮನೆತನದ ಪದ್ಧತಿ ಹಿಡಿಯಿರಿ, ತಿಂಗಳಿಗೊಮ್ಮೆ ಬದಲಾಯಿಸಬೇಡಿ.

ಹೆಚ್ಚಿನವರು ತಪ್ಪುವುದು ಪಾರಣೆಯಲ್ಲಿ, ಅಂದರೆ ಮರುದಿನ ಉಪವಾಸ ಮುರಿಯುವುದರಲ್ಲಿ. ದ್ವಾದಶಿಯ ಮೊದಲ ಕಾಲು ಭಾಗ ಹರಿವಾಸರ, ಆಗ ಊಟ ಮಾಡುವಂತಿಲ್ಲ. ದ್ವಾದಶಿ ಬೆಳಗಿನ 4:30ರಿಂದ ಮರುದಿನ 3:30ರವರೆಗೆ ಇದ್ದರೆ ಒಟ್ಟು 23 ಗಂಟೆ. ಕಾಲು ಭಾಗ ಕಳೆದು 10:15ರ ನಂತರವೇ ಪಾರಣೆ. ಕೆಲವೊಮ್ಮೆ ಇದರ ಉಲ್ಟಾ: ಸೂರ್ಯೋದಯವಾಗಿ ಅರ್ಧ ಗಂಟೆಗೇ ದ್ವಾದಶಿ ಮುಗಿಯುತ್ತದೆ, ಅಷ್ಟರೊಳಗೆ ಪಾರಣೆ ಆಗಬೇಕು. ಹಿಂದಿನ ರಾತ್ರಿಯೇ ತರಕಾರಿ ಹೆಚ್ಚಿಟ್ಟುಕೊಳ್ಳಿ; ಅಡುಗೆ ಆಗದಿದ್ದರೆ ತೀರ್ಥ ತೆಗೆದುಕೊಂಡರೂ ಪಾರಣೆ ಆದಂತೆಯೇ.

ನೀವು ಷಿಕಾಗೋದಲ್ಲಿರುವುದರಿಂದ ಬೆಂಗಳೂರಿನ ಪಂಚಾಂಗದ ತಾರೀಕನ್ನೇ ಎತ್ತಿಕೊಳ್ಳಬೇಡಿ. ತಿಥಿ ಮುಗಿಯುವ ಕ್ಷಣ ಎಲ್ಲೆಡೆ ಒಂದೇ, ಸೂರ್ಯೋದಯ ಬೇರೆ. ಭಾರತದ ಸಮಯದಿಂದ ಬೇಸಿಗೆಯಲ್ಲಿ ಹತ್ತೂವರೆ, ಚಳಿಗಾಲದಲ್ಲಿ ಹನ್ನೊಂದೂವರೆ ಗಂಟೆ ಕಳೆದು, ನಿಮ್ಮೂರಿನ ಸೂರ್ಯೋದಯಕ್ಕೆ ತಾಳೆ ನೋಡಿ.